ಅಡೋನಿಸ್ ಮೇಷ್ಟ್ರ ಬಾಯಿ

ಕೇಪ್‌ಟೌನಿನ ಅಥ್ಲೋನ್ ಬಡಾವಣೆಯಲ್ಲಿ ಹಲ್ಲಿನ ಡಾಕ್ಟರಿಗಾಗಿ ಕಾಯುತ್ತಿದ್ದ ಶಿರೀನಳಿಗೆ ಪಕ್ಕದ ಬೆಂಚಿನ ಮಾತು ಕೇಳಿ ತನ್ನ ದವಡೆ ನೋವೇ ಮರೆತುಹೋಯಿತು. ಸ್ಯಾಕ್ಸೊಫೋನಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮುದುಕನಿಗೆ ಮುಂದಿನ ಹಲ್ಲುಗಳಿರಲಿಲ್ಲ.

"ಲತೀಫಣ್ಣ, ಈ ವಯಸ್ಸಲ್ಲಿ ಹಲ್ಲು ಕಟ್ಟಿಸ್ಕೊಳ್ತೀರಾ?" ಎಂದಳು ಅವನ ಪಕ್ಕದಲ್ಲಿ ಕೂತಿದ್ದ, ಅವನ ನೆರೆಮನೆಯ ಗಲೀಮಾ.

"ಮೊಮ್ಮಗಳ ಮದುವೆ ಕಣಮ್ಮಾ. ಫೋಟೋದಲ್ಲಿ ಬೊಚ್ಚುಬಾಯಿ ಬೇಡವಂತೆ."

"ಅವು ಬಿದ್ದಿದ್ದಾದ್ರೂ ಹ್ಯಾಗೆ?"

"ಬೀಳೋದೆಲ್ಲಿ, ಕೀಳಿಸ್ಕೊಂಡೆ! ನಂಗೆ ಸ್ಯಾಕ್ಸೊಫೋನ್ ಕಲಿಸಿದ ಅಡೋನಿಸ್ ಮೇಷ್ಟ್ರಿಗೆ ಮುಂದಿನ ಹಲ್ಲಿರಲಿಲ್ಲ. ನಮ್ಮೂರಿನ ಕೇಪ್ ಜಾಝ್ ಸಂಗೀತದ ಆ ಅಳು, ಆ ನಗು ಬರೋದೇ ಆ ಸಂದಿಯಿಂದ ಅಂದ್ಕೊಂಡಿದ್ದೆ."

"ಅಯ್ಯೋ ನಿಮ್ಮ ಪೆದ್ದುತನವೇ! ಮೇಷ್ಟ್ರು ಏನಂದ್ರು?"

"‘ನಂದು ಹುಳುಕು ಹಿಡಿದು ಹೋಗಿದ್ದು ಕಣೋ ಕತ್ತೆ’ ಅಂತ ಬೈದ್ರು. ಆಮೇಲೆ ಪಕ್ಕದಲ್ಲಿ ಕೂರಿಸ್ಕೊಂಡು, ತುಟಿ ಒಳಗೆ ಮಡಚಿ ಊದೋದು ಕಲಿಸಿದ್ರು. ಬಿಳಿಯರ ಸರ್ಕಾರ ನಮ್ಮ ಬೀದೀನೇ ಕೆಡವಿಹಾಕ್ತು, ಮೇಷ್ಟ್ರ ಮನೆಯೂ ಹೋಯ್ತು. ಈ ಊದೋ ರೀತಿ ಒಂದು ಉಳೀತು. ಇಷ್ಟು ವರ್ಷ ಅದೇ ನನಗೆ ಅನ್ನ ಹಾಕಿದ್ದು. ಅವ್ರ ಋಣ ತೀರಿಸೋಕಾಗುತ್ತಾ?"

"ಹಲ್ಲು ಹಾಕ್ಕೊಂಡ್ರೆ ಆ ಊದೋ ರೀತೀನೂ ಹೋಗುತ್ತಲ್ಲಣ್ಣ!"

ಅಷ್ಟರಲ್ಲಿ ನರ್ಸ್ ಹೆಸರು ಕೂಗಿದಳು. ಲತೀಫ ಪೆಟ್ಟಿಗೆ ಎತ್ತಿಕೊಂಡು ಎದ್ದ.

"ಹಲ್ಲು ಫೋಟೋಗೆ ಕಣಮ್ಮಾ. ಊದೋವಾಗ ಜೇಬಿಗೆ ಹಾಕ್ಕೋತೀನಿ. ಬಾಯಿ ಮಾತ್ರ ಮೇಷ್ಟ್ರದು."