ಗಡಿಯಾಚೆಯ ಗಂಟೆ

ಕಾಂಗೋ ಗಡಿ ಹತ್ತಿರದ ಕಸೇಸೆ ಪಟ್ಟಣಕ್ಕೆ ಹೊರಟ ವ್ಯಾನಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು, ಅತ್ತಿಗೆ-ನಾದಿನಿ, ಕೂತಿದ್ದರು. ಕಾಂಗೋದಲ್ಲಿ ನಮ್ಮ ಉಗಾಂಡದ ಸೈನಿಕರು ಯುದ್ಧಕಾಲದಲ್ಲಿ ಮಾಡಿದ ಲೂಟಿಗೆ ಲೋಕದ ನ್ಯಾಯಾಲಯ ದಂಡ ಹಾಕಿದೆಯೆಂದು ರೇಡಿಯೊ ಹೇಳಿತು.

"ಬಿಳಿಯರ ಕೋರ್ಟು ಕಣೇ ಮಸಿಕ! ಅವರು ದೋಚಿದ್ದನ್ನ ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ ಅತ್ತಿಗೆ. ಆದ್ರೆ ನಮ್ಮ ಚರ್ಚಿನ ಗಂಟೆ?"

"ನಿಮ್ಮಣ್ಣ ಯುದ್ಧದಿಂದ ತಂದು ದೇವರಿಗೇ ಕೊಟ್ರು. ಮನೇಲಿಟ್ಕೊಂಡ್ರಾ?"

"ಗಡಿಯಾಚೆಯಿಂದ ಓಡಿಬಂದ ಮುದುಕಿ, ಗಂಟೆ ಕೇಳಿ ಅತ್ಲಲ್ಲ..."

"ಭಕ್ತಿ! ಪಾದ್ರಿಗಳೇ ಹೇಳಿದ್ರು."

"ಒಡಕು ದನಿ ಗುರುತು ಹಿಡಿದ್ಲು ಅತ್ತಿಗೆ. ಅವಳ ಮದುವೇಲಿ ಬಾರಿಸಿದ್ದಂತೆ. ನಿಮಗೆಲ್ಲಿ ಸಿಕ್ತು ಅಂತ ನನ್ನನ್ನೇ ಕೇಳಿದ್ಲು."

"ನೀನೇನಂದೆ?"

"ಕೊಂಡಿದ್ದು ಅಂದೆ."

ರೇಡಿಯೊ ಹವಾಮಾನಕ್ಕೆ ಹೋಯಿತು. ಇಳಿಯುವಾಗ ಅತ್ತಿಗೆ ಮೆಲ್ಲಗೆ ಕೇಳಿದಳು:

"ಈ ಭಾನುವಾರ ಬಾರಿಸೋ ಸರದಿ ಯಾರದು?"

"ನಿಮ್ದೇ."