ಹಳೇ ಟ್ರ್ಯಾಕ್ಟರ್ ಓಟದ ದಿನದ ನೀಲಿ ಡ್ರಮ್ಮು

ಇಷ್ಟೆಲ್ಲ ಆದರೂ ನೀರಿನ ಟ್ಯಾಂಕರ್ ಬಂದಿರಲಿಲ್ಲ, ಸಾಹೇಬರೇ. ಆಗ ಮಧ್ಯಾಹ್ನ ಹನ್ನೆರಡೂವರೆ. ಓಟದಲ್ಲಿದ್ದ ಆರು ಟ್ರ್ಯಾಕ್ಟರುಗಳಲ್ಲಿ ಒಂದರ ರೇಡಿಯೇಟರ್ ಕುದ್ದು ನಿಂತಿತ್ತು. ಇನ್ನೊಂದರ ಡ್ರೈವರನ್ನು ಬೇವಿನ ಗಿಡದ ನೆರಳಿಗೆ ಎತ್ತಿ ತಂದು ಮಲಗಿಸಿದ್ದರು. ಕಬ್ಬು ಕಟಾವಾದ ಹೊಲದ ಮಣ್ಣು ಚಪ್ಪಲಿ ಹಾಕಿದ್ದರೂ ಸುಡುತ್ತಿತ್ತು. ನನ್ನ ಗೆಳೆಯ ವೀರೇಶ ಓಡಿಸುತ್ತಿದ್ದ ಟ್ರ್ಯಾಕ್ಟರು ಕಬ್ಬಿನ ಹಾಲಿನ ಅಂಗಡಿಗೆ ನುಗ್ಗುವುದಕ್ಕೆ ಇನ್ನೂ ಸುಮಾರು ಇಪ್ಪತ್ತು ನಿಮಿಷವಿತ್ತು. ಹೆಸರು, ವಿಳಾಸ ಮೊದಲು ಹೇಳು, ಆಮೇಲೆ ಮೊದಲಿನಿಂದ ಬಾ ಎಂದು ತಾವು ಫೋನಿನಲ್ಲಿ ತಿಳಿಸಿದ್ದು ನೆನಪಿದೆ. ಹಾಗೆಯೇ ಹೇಳುತ್ತೇನೆ.

ನಾನು ಬಾಳೇಶ ತಂದೆ ಪರಸಪ್ಪ ಕಾಂಬಳೆ, ವಯಸ್ಸು 24, ಉದ್ಯೋಗ ಫೌಂಡ್ರಿಯಲ್ಲಿ ಕೂಲಿ ಕೆಲಸ, ಸ್ವಂತ ಊರು ಹಿಪ್ಪರಗಿ, ತಾಲೂಕು ರಬಕವಿ-ಬನಹಟ್ಟಿ, ಹಾಲಿ ವಾಸ ಕೊಲ್ಲಾಪುರ. ರಾತ್ರಿ ಪಾಳಿ ಇರುವುದರಿಂದ ಠಾಣೆಗೆ ಬರಲಾಗಿಲ್ಲ. ಕೆಲಸದ ನಡುವೆ ಚಹಾಕ್ಕೆ ಬಿಟ್ಟಾಗಲೆಲ್ಲ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ತುಂಡು ತುಂಡಾಗಿ ಕಳಿಸುತ್ತಿದ್ದೇನೆ. ಹಿಂದೆ ಕೇಳುವ ಸದ್ದು ಕುಲುಮೆಯದು. ತಾವು ಬರೆದುಕೊಳ್ಳಬೇಕಾದ ಸಂಗತಿ ಹೀಗಿದೆ.

ದಿನಾಂಕ 27-04-2025, ರವಿವಾರ, ನಮ್ಮೂರಿನ ನದಿ ದಂಡೆಯ ಹೊಲದಲ್ಲಿ ಹಳೇ ಟ್ರ್ಯಾಕ್ಟರುಗಳ ಓಟ ಇತ್ತು. ಮೂವತ್ತು ವರ್ಷಕ್ಕಿಂತ ಹಳೆಯ ಗಾಡಿಗೆ ಮಾತ್ರ ಪ್ರವೇಶ. ಒಟ್ಟು ಇಪ್ಪತ್ತು ಸುತ್ತು. ಒಮ್ಮೆ ಚಾಲೂ ಮಾಡಿದ ಎಂಜಿನ್ ಕೊನೆಯವರೆಗೆ ಆರಬಾರದು. ಡ್ರೈವರ್ ಮಾತ್ರ ಬದಲಾಗಬಹುದು. ಓಡುವ ಗಾಡಿಯಿಂದ ಒಬ್ಬ ಇಳಿದು ಇನ್ನೊಬ್ಬ ಹತ್ತಬೇಕು. ಓಟ ಏರ್ಪಡಿಸಿದವರು ಗಿರಮಲ್ಲಪ್ಪನವರು. ನಮ್ಮದು ರಾಚಪ್ಪ ಕಾಕಾರ ಟ್ರ್ಯಾಕ್ಟರ್. ಅದಕ್ಕೆ ಮೊದಲ ಡ್ರೈವರ್ ವೀರೇಶ ತಂದೆ ಚಿದಾನಂದ, ಎರಡನೆಯವನು ನಾನು. ವೀರೇಶ ನನ್ನ ಶಾಲೆಯ ಗೆಳೆಯ. ಅವನು ಸರ್ಕಾರಿ ಬಸ್ಸಿನ ಡ್ರೈವರ್ ಕಮ್ ಕಂಡಕ್ಟರ್ ಹುದ್ದೆಗೆ ಆಯ್ಕೆಯಾಗಿದ್ದಾನೆ. ಮೇ ಐದಕ್ಕೆ ತರಬೇತಿಗೆ ಹಾಜರಾಗಬೇಕು. ಇದು ಊರಿಗೆಲ್ಲ ಗೊತ್ತಿತ್ತು. ಓಟಕ್ಕೆ ಬಂದವರು ಅವನನ್ನು ಕಂಡಕ್ಟರ್ ಸಾಹೇಬ್ರ ಎಂದೇ ಕರೆಯುತ್ತಿದ್ದರು.

ನಾನು ಕೊಲ್ಲಾಪುರದಿಂದ ಬಂದು ಬೆಳಿಗ್ಗೆ ಆರೂವರೆಗೆ ಹೊಲ ತಲುಪಿದೆ. ರಾಚಪ್ಪ ಕಾಕಾ ಹಿಂದಿನ ಸಂಜೆಯೇ ತಮ್ಮ ಮನೆಯಿಂದ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ ತಂದು ನೀರು ತುಂಬಿ ಇಟ್ಟಿದ್ದರು. ಗೋಣಿತಾಟು ಅದರಲ್ಲಿ ಅದ್ದಿ ಡ್ರೈವರನ ಹೆಗಲಿಗೆ ಹೊದಿಸುವುದು ನಮ್ಮ ಕಡೆಯ ರೂಢಿ. ಆ ಡ್ರಮ್ಮು ಕಾಕಂಬಿಯದು. ಸಕ್ಕರೆ ಕಾರ್ಖಾನೆಯಿಂದ ಬರುವ ಆ ಕಪ್ಪು ಪಾಕವನ್ನು ನೀರಿಗೆ ಕಲಸಿ, ಒಣ ಮೇವಿಗೆ ಚಿಮುಕಿಸಿ ದನಗಳಿಗೆ ಹಾಕುತ್ತಾರೆ. ಡ್ರಮ್ಮಿನ ತಳದಲ್ಲಿ ನಾಲ್ಕು ಬೆರಳು ಕಾಕಂಬಿ ಉಳಿದಿತ್ತು. ಅದರ ಮೇಲೆಯೇ ನೀರು ಸುರಿದಿದ್ದರು. ಅದು ರಾತ್ರಿಯಿಡೀ ಸೆಕೆಯಲ್ಲಿ ಕೂತು ಹುಳಿ ಬಂದಿತ್ತು. ಮುಚ್ಚಳ ತೆಗೆದಾಗ ನೊರೆ ಇತ್ತು.

ನಾನು ಮೂಗು ಮುಚ್ಚಿಕೊಂಡು, “ಏನ್ ಕಾಕಾ, ಇದರಾಗ ಸಾರಾಯಿ ಭಟ್ಟಿ ಹಚ್ಚೀರೇನು?” ಎಂದು ಕೇಳಿದೆ.

“ಕೊಲ್ಲಾಪುರ ಸೇರಿ ಮೂಗ ಭಾಳ ನಾಜೂಕ ಆಗೇತಲ್ಲೋ ನಿಂದು. ಕಾಕಂಬಿ ವಾಸನಿ ಅದು. ಒಂದ ವರ್ಷದಾಗ ಮರತಿ ಏನ್ಲೇ?” ಎಂದರು ರಾಚಪ್ಪ ಕಾಕಾ.

ವೀರೇಶ ತಾಟು ಹಿಂಡಿ ಹೆಗಲಿಗೆ ಹಾಕಿಕೊಂಡು, “ತಣ್ಣಗೈತಿ, ಸಾಕ ಬಿಡಲೇ. ಅತ್ತರ ಹಚಗೊಂಡ ಬರಾಕ ಇದೇನ ಮದಿವಿ ಏನು?” ಎಂದ. ಮೂವರೂ ನಕ್ಕೆವು. ಟ್ಯಾಂಕರ್ ಬಂದ ಮೇಲೆ ನೀರು ಬದಲಿಸಿದರಾಯಿತು ಎಂದು ಮಾತಾಯಿತು.

ಏಳಕ್ಕೆ ಆರಂಭವಾಗಬೇಕಿದ್ದ ಓಟ, ಹಸಿರು ನಿಶಾನೆ ತೋರಿಸುವ ಅತಿಥಿ ಬರುವುದು ತಡವಾಗಿ 11.40ಕ್ಕೆ ಆರಂಭವಾಯಿತು. ಅಲ್ಲಿಯವರೆಗೆ ಡ್ರೈವರುಗಳು ಗಾಡಿಯ ಮೇಲೆ ಬಿಸಿಲಲ್ಲೇ ಕೂತಿದ್ದರು, ಇಳಿದರೆ ಸಾಲು ತಪ್ಪುತ್ತದೆ ಎಂದು. ಅಂದಿನ ತಾಪಮಾನ 43 ಎಂದು ಫೋನಿನಲ್ಲಿ ತೋರಿಸುತ್ತಿತ್ತು. ಹಳೇ ಗಾಡಿಗೆ ತಗಡಿನ ಸೀಟು. ಎಂಜಿನ್ನಿನ ಬಿಸಿ ಗಾಳಿ ನೇರ ತೊಡೆಗೆ ಬಡಿಯುತ್ತದೆ. ಕೊನೆಯವರೆಗೆ ಡ್ರೈವರ್ ಬದಲಿಸದೆ ಓಡಿಸಿದ ಟ್ರ್ಯಾಕ್ಟರ್ ಒಂದೇ ಒಂದು.

ವೀರೇಶ ಎಂಟು ಸುತ್ತು ಓಡಿಸಿ ನನಗೆ ಕೊಟ್ಟ. ನಾನು ನಾಲ್ಕು ಸುತ್ತು ಓಡಿಸಿದೆ. ನಾವು ಎರಡನೆಯ ಸ್ಥಾನದಲ್ಲಿದ್ದೆವು. ತಿರುವಿನಲ್ಲಿ ನಾನು ನಿಧಾನ, ವೀರೇಶ ಚುರುಕು. ಅದಕ್ಕೆ ರಾಚಪ್ಪ ಕಾಕಾ ಕೆಂಪು ಟವೆಲ್ ಬೀಸಿ ನನ್ನನ್ನು ಇಳಿಸಿದರು. ಈ ಹೇಳಿಕೆಯ ಮೊದಲಿಗೆ ಹೇಳಿದ ಹೊತ್ತು ಇದೇ. ಟ್ಯಾಂಕರ್ ಎಲ್ಲಿ ಎಂದು ಜನ ಗಿರಮಲ್ಲಪ್ಪನವರನ್ನು ಕೇಳುತ್ತಿದ್ದರು. ಅವರು, “ಬರಾಕತ್ತೇತಿ, ಬ್ಯಾರೇಜ್ ದಾಟೇತಿ” ಎಂದು ಮೂರನೆಯ ಸಲ ಹೇಳಿದರು. ಬೇರೆ ನೀರಿಲ್ಲದ ಕಾರಣ ಅದೇ ಡ್ರಮ್ಮಿನಿಂದ ಎರಡು ತಂಬಿಗೆ ನೀರನ್ನು ವೀರೇಶನ ತಲೆಗೆ ಸುರಿದು, ತಾಟನ್ನು ಹೊಸದಾಗಿ ಅದ್ದಿ ಹೊದಿಸಿದೆವು.

ಇಲ್ಲೊಂದು ಮಾತು. ನಮ್ಮ ಫೌಂಡ್ರಿಯಲ್ಲಿ, ಕುಲುಮೆ ಮುಂದೆ ಬೆವರುವುದು ನಿಂತರೆ ಸೆಕೆ ತಲೆಗೇರಿತೆಂದು ಅರ್ಥ, ಅಂಥವನು ತಕ್ಷಣ ಹೊರಗೆ ಬರಬೇಕು. ಕೆಲಸಕ್ಕೆ ಸೇರಿದ ದಿನ ಕಲಿಸುವ ಮೊದಲ ಪಾಠ ಅದು. ವೀರೇಶನ ಮೈ ಪೂರ್ತಿ ಒದ್ದೆಯಾಗಿತ್ತು. ಅದು ಬೆವರೋ ಡ್ರಮ್ಮಿನ ನೀರೋ ತಿಳಿಯುವಂತಿರಲಿಲ್ಲ.

ಹದಿನಾರನೆಯ ಸುತ್ತಿನಲ್ಲಿ ಜನರ ಮುಂದೆ ಹಾದು ಹೋಗುವಾಗ ವೀರೇಶ ತಿರುಗಿ ನೋಡಿ, “ಒಳಗ ಸರೀರಿ, ಬಾಗಲದಾಗ ನಿಂದರಬ್ಯಾಡ್ರಿ!” ಎಂದು ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ಗುಂಪಿನಲ್ಲಿ ಯಾರೋ, “ಬೀಳಗಿಗೆ ಎರಡ ಟಿಕೆಟ್ ಕೊಡ್ರೀ ಕಂಡಕ್ಟರ್ ಸಾಹೇಬ್ರ!” ಎಂದರು. ಓಟದ ದಾರಿಗೆ ಅಡ್ಡ ಕಟ್ಟಿದ್ದ ಹಗ್ಗದಾಚೆ ಕಬ್ಬಿನ ಹಾಲಿನ ಅಂಗಡಿ ಇಟ್ಟಿದ್ದ ಮಾದೇವಿ ಅಕ್ಕ, “ನಮ್ಮ ಅಂಗಡಿ ಮುಂದ ಒಂದ ಸ್ಟಾಪ್ ಕೊಡೋ ವೀರೇಶಾ, ಪುಣ್ಯಾ ಬರ್ತೈತಿ!” ಎಂದು ಕೂಗಿದರು. ನಾನೂ ನಕ್ಕೆ. ನೌಕರಿ ಸಿಕ್ಕ ಖುಷಿಗೆ ಚೇಷ್ಟೆ ಮಾಡುತ್ತಿದ್ದಾನೆ ಎಂದೇ ಎಲ್ಲರೂ ತಿಳಿದೆವು.

ಹದಿನೇಳನೆಯ ಸುತ್ತಿನಲ್ಲಿ, ಸುಮಾರು 12.50ಕ್ಕೆ, ಅವನು ಅದೇ ಜಾಗದಲ್ಲಿ ವೇಗ ಕಡಿಮೆ ಮಾಡಿದ. ಹಿಂದಿನಿಂದ ಬರುವವರಿಗೆ ಕೈ ತೋರಿಸಿದ. ಎಡಕ್ಕೆ ಹೊರಳಿಸಿ, ಹಗ್ಗ ಹರಿದುಕೊಂಡು, ಬಸ್ಸನ್ನು ನಿಲ್ದಾಣಕ್ಕೆ ತರುವಂತೆ ಟ್ರ್ಯಾಕ್ಟರನ್ನು ಮಾದೇವಿ ಅಕ್ಕನ ಅಂಗಡಿಯ ಕಡೆ ತಂದ. ಬ್ರೇಕ್ ಮೇಲೆ ಕಾಲು ಇಟ್ಟಿದ್ದನ್ನು ನಾನು ಕಂಡೆ. ಕಾಲು ಜಾರಿತು. ಮುಂದಿನ ಗಾಲಿ ಮೇಜಿಗೆ ಬಡಿದು, ಮೇಜು ಮಾದೇವಿ ಅಕ್ಕನ ಮೇಲೆ ಬಿತ್ತು. ಅವರ ಬಲಗೈ ಮಣಿಕಟ್ಟು ಮುರಿಯಿತು. ಅವರು ಬಿದ್ದಲ್ಲಿಂದಲೇ, “ಮೊದಲ ಮಶೀನ್ ಬಂದ್ ಮಾಡ್ರೋ, ಕೈ ಆಮ್ಯಾಲ ನೋಡೂನು!” ಎಂದು ಕೂಗುತ್ತಿದ್ದರು. ಕಬ್ಬು ಹಿಂಡುವ ಗಾಲಿಗಳು ಇನ್ನೂ ತಿರುಗುತ್ತಿದ್ದವು. ನಾನು ಅದನ್ನೂ ಟ್ರ್ಯಾಕ್ಟರಿನ ಎಂಜಿನ್ನನ್ನೂ ಬಂದ್ ಮಾಡಿದೆ.

ವೀರೇಶ ಸ್ಟೀರಿಂಗ್ ಮೇಲೆ ಒರಗಿದ್ದ. ಕೆಳಗಿಳಿಸಿ ತಾಟು ತೆಗೆದು ಎದೆ ಮುಟ್ಟಿದೆ. ತಾಟಿನ ಕೆಳಗೆ ಚರ್ಮ ಹಂಚಿನಂತೆ ಕಾದಿತ್ತು. ಕಂಕುಳಲ್ಲಿ ಬೆವರಿನ ಒಂದು ಹನಿಯೂ ಇರಲಿಲ್ಲ. ಹೆಸರು ಹಿಡಿದು ಕರೆದರೆ, “ಯಾರ ಇಳೀಬೇಕ್ರಿ?” ಎಂದು ತೊದಲಿದ.

ಅಷ್ಟರಲ್ಲಿ ಗಿರಮಲ್ಲಪ್ಪನವರು ಬಂದು ಅವನ ಅಂಗಿ ಮೂಸಿ, “ಬೇಕಾದ್ರ ನೀವೂ ಮೂಸ್ರಿ! ಕುಡದ ಗಾಡಿ ಹತ್ಯಾನ. ಕುಡದಾವಗ ಬಿಸಲ ಬಡೀದ ಬಿಡ್ತೈತೇನು?” ಎಂದು ಕೂಡಿದವರಿಗೆಲ್ಲ ಹೇಳಿದರು. ನಾಲ್ಕೈದು ಜನ ಮೂಸಿ ಹೌದೆಂದರು. ಅವರು ಸುಳ್ಳು ಹೇಳಿದರು ಎಂದು ನಾನು ಹೇಳುವುದಿಲ್ಲ. ವಾಸನೆ ಇತ್ತು. ನಮ್ಮೂರಿನಲ್ಲಿ ಆ ವಾಸನೆ ದನದ ಕೊಟ್ಟಿಗೆಯಲ್ಲಿ ಬಂದರೆ ಕಾಕಂಬಿ, ಮನುಷ್ಯನ ಮೈಮೇಲೆ ಬಂದರೆ ಸಾರಾಯಿ. ಡ್ರಮ್ಮಿನ ವಾಸನೆ ಅದು ಎಂದು ನಾನು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರಾಚಪ್ಪ ಕಾಕಾ ಅಲ್ಲೇ ನಿಂತಿದ್ದರು, ಬಾಯಿ ಬಿಡಲಿಲ್ಲ.

ಜೀಪಿನಲ್ಲಿ ಇಬ್ಬರನ್ನೂ ಜಮಖಂಡಿಯ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಮಾದೇವಿ ಅಕ್ಕ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, “ನಾನ ಕರದ್ನೆಲ್ಲೋ ಬಾಳೇಶಾ, ಸ್ಟಾಪ್ ಕೊಡು ಅಂತ ನಾನ ಕರದ್ನಿ” ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ವೀರೇಶನ ಅಂಗಿ ಕತ್ತರಿಸಿ ತೆಗೆದು, ಮೈಗೆ ಮಂಜುಗಡ್ಡೆ ಇಟ್ಟರು. ಅಂಗಿ ಕಸಕ್ಕೆ ಹೋಯಿತು. ಪರೀಕ್ಷೆಗೆ ರಕ್ತ ತೆಗೆದಿದ್ದಾರೆ. ವರದಿ ಬರಲು ಹದಿನೈದು ದಿನ ಬೇಕಂತೆ. ಕುಡಿದು ಓಡಿಸಿ ಗಾಯಪಡಿಸಿದ ಎಂಬ ಕೇಸು ಅಷ್ಟರೊಳಗೆ ತರಬೇತಿಯವರ ಕೈಸೇರಿದರೆ ಮೇ ಐದಕ್ಕೆ ಅವನನ್ನು ಒಳಗೆ ಬಿಡುವುದಿಲ್ಲ. ಹುದ್ದೆ ಇನ್ನೊಬ್ಬರಿಗೆ ಹೋಗುತ್ತದೆ. ವೀರೇಶನಿಗೆ ಈಗ ಎಚ್ಚರ ಇದೆ. ಹದಿಮೂರನೆಯ ಸುತ್ತಿನ ನಂತರದ್ದು ಅವನಿಗೆ ಏನೂ ನೆನಪಿಲ್ಲ. ಆದ್ದರಿಂದ ತನ್ನ ಪರ ಅವನು ಏನೂ ಹೇಳಲಾರ.

ಸಾಕ್ಷಿಯಾಗಿ ಉಳಿದಿರುವುದು ಡ್ರಮ್ಮು ಒಂದೇ. ಅದು ಈಗ ರಾಚಪ್ಪ ಕಾಕಾರ ಹಿತ್ತಲಿನಲ್ಲಿ, ಗೊಬ್ಬರದ ಗುಂಡಿಯ ಪಕ್ಕ, ಅರ್ಧ ನೀರಿನ ಸಮೇತ ಇದೆ. ತಾಟೂ ಅದರ ಮೇಲೆಯೇ ಇದೆ. ಇಂದು ಸಂಜೆ ಅವರಿಗೆ ಫೋನ್ ಮಾಡಿ ಅದನ್ನು ಮುಟ್ಟಬೇಡಿ ಎಂದು ಕೇಳಿಕೊಂಡೆ.

“ದನಕ್ಕ ನೀರ ಇಡಾಕ ನನಗ ಬ್ಯಾರೆ ಡ್ರಮ್ ಎಲ್ಲೈತೋ? ನಾಳೆ ಮುಂಜಾನೆ ಆರಕ್ಕ ದನಾ ಬಿಚ್ಚೂ ಮೊದಲ ತಿಕ್ಕಿ ತೊಳ್ಯಾಂವ ನಾ,” ಎಂದರು.

“ಕಾಕಾ, ಒಂದ ದಿನಾ ತಡೀರಿ. ಅವನ ನೌಕರಿ ಐತ್ರಿ ಅದರಾಗ.”

“ನೀ ಕೊಲ್ಲಾಪುರದಾಗ ಕುಂತ ಹೇಳ್ತಿ. ಪೊಲೀಸ್ರು ಬರೂದು ನನ್ನ ಹಿತ್ತಲಕ್ಕ,” ಎಂದು ಫೋನ್ ಇಟ್ಟರು.

ಇಲ್ಲಿ ಹೇಳಿದ್ದನ್ನೆಲ್ಲ ನಾನೇ ಕಂಡಿದ್ದೇನೆ, ಮುಟ್ಟಿದ್ದೇನೆ, ಮೂಸಿದ್ದೇನೆ. ಯಾರೋ ಹೇಳಿಕೊಟ್ಟದ್ದು ಇದರಲ್ಲಿಲ್ಲ. ತಾವು ಬರೆದದ್ದನ್ನು ಓದಿ ಹೇಳಿದರೆ ಒಪ್ಪುತ್ತೇನೆ. ಸಹಿಯನ್ನು ರವಿವಾರ ಊರಿಗೆ ಬಂದು ಹಾಕುತ್ತೇನೆ.

ಸ್ಥಳ: ಕೊಲ್ಲಾಪುರ
ದಿನಾಂಕ: 30-04-2025
ಬಾಳೇಶ ಪರಸಪ್ಪ ಕಾಂಬಳೆ

ಸಾಹೇಬರೇ, ಇನ್ನೊಂದು ಮಾತು, ಇದನ್ನು ಬರೆಯದಿದ್ದರೂ ನಡೆಯುತ್ತದೆ. ಕೆಲಸದ ಹೊತ್ತಿನಲ್ಲಿ ಫೋನ್ ಮೇಸ್ತ್ರಿಯ ಕಪಾಟಿನಲ್ಲಿರುತ್ತದೆ. ಚಹಾಕ್ಕೆ ಬಿಟ್ಟಾಗ ಕೈಗೆ ಸಿಗುತ್ತದೆ. ತಾವು ಹಿತ್ತಲಿಗೆ ಹೋಗಿ ನಿಂತರೆ ಡ್ರಮ್ಮು ಯಾವುದು ಎಂದು ಅಲ್ಲಿಂದಲೇ ಗುರುತು ಹೇಳುತ್ತೇನೆ. ಬೆಳಿಗ್ಗೆ ಐದಕ್ಕೆ ಫೋನ್ ಮಾಡಿರಿ.