ಎರಡನೇ ಹೆಸರು

ತೀವ್ರ ನಿಗಾ ಘಟಕದ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಪ್ರೊಫೆಸರರ ಹೆಂಡತಿ ಕೂತಿದ್ದರು. ಒಳಗಿದ್ದ ಗಂಡನ ಹಳೆಯ ಶಿಷ್ಯ, ಈಗ ಯೂನಿವರ್ಸಿಟಿಯಲ್ಲಿ ಅವರದೇ ವಿಭಾಗದ ಮೇಷ್ಟ್ರು, ಬಂದು ಎದುರಿಗೆ ನಿಂತ.

"ಅಮ್ಮಾ, ಸರ್‌ಗೆ ಯೂನಿವರ್ಸಿಟಿಯ ಸೇವಾ ಪ್ರಶಸ್ತಿ ಬಂದಿದೆ."

"ಈಗಲಾ? ಪರೀಕ್ಷೆ, ಹಾಸ್ಟೆಲು, ಅಡ್ಮಿಷನ್ನು ಅಂತ ಮನೆಮಠ ಬಿಟ್ಟು ದುಡಿದಾಗ ಒಬ್ಬರೂ ತಿರುಗಿ ನೋಡಲಿಲ್ಲ."

"ನಿಜ. ಶುಕ್ರವಾರ ಸಮಾರಂಭ. ಗಾಲಿಕುರ್ಚೀಲಾದ್ರೂ ಕರ್ಕೊಂಡು ಬರಕ್ಕಾಗುತ್ತಾ?"

"ತಲೆ ಎತ್ತಕ್ಕೇ ಆಗ್ತಿಲ್ಲ. ಡಾಕ್ಟ್ರು ಕೈಚೆಲ್ಲಿದಾರೆ. ನನ್ನ ಕೈಗೆ ಕೊಡಲ್ವಾ?"

"ಹಾಗೆ ಕೊಡೋ ನಿಯಮ ಇಲ್ವಂತೆ. ಅವರು ಬರದಿದ್ರೆ ಎರಡನೇ ಹೆಸರಿಗೆ ಹೋಗುತ್ತೆ."

"ಅದು ಯಾರದು?"

ಅವನು ಗೋಡೆಯ ಕಡೆ ನೋಡಿದ.

"ನಂದೇ, ಅಮ್ಮಾ."

ಆಕೆ ಅವನ ಮುಖದತ್ತ ತಲೆ ಎತ್ತಿದರು.

"ಬೇಡ ಅಂದ್ಯಾ?"

"ನನ್ನ ಬಡ್ತಿ ಅದರ ಮೇಲೇ ನಿಂತಿದೆ. ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ."

"ನಿನ್ನನ್ನ ವಿಭಾಗಕ್ಕೆ ತಗೋಬೇಕು ಅಂತ ಇವರು ಕುಲಪತಿಗಳ ಹತ್ರ ಜಗಳ ಆಡಿದ್ರು."

"ಗೊತ್ತು."

"ಎಚ್ಚರ ಆದಾಗೆಲ್ಲ ಕೇಳ್ತಾರೆ, ಈ ಸಲ ಪ್ರಶಸ್ತಿ ಯಾರಿಗೆ ಅಂತ. ಏನು ಹೇಳ್ಲಿ?"

"ಅವರಿಗೇ ಅಂತ ಹೇಳಿ."

"ಸುಳ್ಳು ಹೇಳೋ ಕೆಲಸಾನೂ ನಂದೇನಾ? ನೀನೇ ಬಂದು ಹೇಳು."

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು ಕರೆದಳು. ಆಕೆ ಎದ್ದು ಒಳಗೆ ನಡೆದರು. ಅವನು ಚಪ್ಪಲಿ ಬಿಟ್ಟ, ತೋಳಿನಿಂದ ಕಣ್ಣೊರೆಸಿಕೊಂಡ, ಆಕೆಯ ಹಿಂದೆಯೇ ಹೋದ. ಬಾಗಿಲು ಮುಚ್ಚುವ ಮೊದಲು ಅವನ ದನಿ ನನಗೂ ಕೇಳಿಸಿತು.

"ಸರ್, ಅಭಿನಂದನೆ ಸರ್."